ಶ್ವಾಸಕೋಶದ ಗೆಡ್ಡೆ: ಕಂದು ಬಣ್ಣಕ್ಕೆ ಅಂಕ ಹಾಕುವ ಬಗೆ

ಶ್ವಾಸಕೋಶದ ನ್ಯೂರೋಎಂಡೋಕ್ರೈನ್ ಗೆಡ್ಡೆಗಳಲ್ಲಿ ನಾಲ್ಕು ಬಗೆ. ಟಿಪಿಕಲ್ ಕಾರ್ಸಿನಾಯ್ಡ್ ನಿಧಾನವಾಗಿ ಬೆಳೆಯುತ್ತದೆ, ಎಟಿಪಿಕಲ್ ಕಾರ್ಸಿನಾಯ್ಡ್ ತುಸು ಚುರುಕು. ದೊಡ್ಡ ಕೋಶದ ಮತ್ತು ಸಣ್ಣ ಕೋಶದ ಕ್ಯಾನ್ಸರ್‌ಗಳು ಬಹು ಬೇಗ ಹರಡುತ್ತವೆ. ಕಾರ್ಸಿನಾಯ್ಡ್ ಕೋಶಗಳ ಹೊರಪೊರೆಯ ಮೇಲೆ ಸೊಮ್ಯಾಟೋಸ್ಟ್ಯಾಟಿನ್ ಎಂಬ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಅನೇಕ ವೇಳೆ ಹೇರಳವಾಗಿರುತ್ತವೆ. ಈ ಗ್ರಾಹಕಗಳ ಐದು ವಿಧಗಳಲ್ಲಿ ಚಿಕಿತ್ಸೆಯ ಮಟ್ಟಿಗೆ ಎರಡನೆಯದೇ ಮುಖ್ಯ. ಆಕ್ಟ್ರಿಯೋಟೈಡ್ ಚುಚ್ಚುಮದ್ದಾಗಲಿ, ವಿಕಿರಣಶೀಲ ಲುಟೀಷಿಯಂ-177 ಹೊತ್ತ ಔಷಧವಾಗಲಿ ಗೆಡ್ಡೆಯನ್ನು ಹಿಡಿಯುವುದು ಮುಖ್ಯವಾಗಿ ಇದರ ಮೂಲಕ. ಆದ್ದರಿಂದ ಗ್ರಾಹಕ ಎಷ್ಟಿದೆ ಎಂದು ಅಳೆಯಬೇಕಾಗುತ್ತದೆ.

ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕತ್ತರಿಸಿ, ಗ್ರಾಹಕಕ್ಕೆ ಅಂಟುವ ಪ್ರತಿಕಾಯವನ್ನು ಅದರ ಮೇಲೆ ಹಾಕುತ್ತಾರೆ. ಅಂಟಿದ ಕಡೆ ಸಾಮಾನ್ಯವಾಗಿ ಕಂದು ಬಣ್ಣ ಮೂಡುತ್ತದೆ. ಅಲ್ಲಿಯವರೆಗೆ ಎಲ್ಲ ಸುಲಭ. ಆ ಬಣ್ಣವನ್ನು ಸಂಖ್ಯೆಯಾಗಿಸುವಾಗ ದಾರಿಗಳು ಕವಲೊಡೆಯುತ್ತವೆ.

ಎಚ್-ಸ್ಕೋರ್ ಪದ್ಧತಿಯಲ್ಲಿ ತಿಳಿಬಣ್ಣದ ಕೋಶಗಳ ಶೇಕಡಾವಾರನ್ನು 1ರಿಂದ, ಮಧ್ಯಮ ಬಣ್ಣದವನ್ನು 2ರಿಂದ, ಗಾಢ ಬಣ್ಣದವನ್ನು 3ರಿಂದ ಗುಣಿಸಿ ಕೂಡುತ್ತಾರೆ, ಗರಿಷ್ಠ 300. ಜರ್ಮನಿಯ ರೆಮೆಲೆ ಮತ್ತು ಸ್ಟೆಗ್ನರ್ 1987ರಲ್ಲಿ ಸ್ತನ ಕ್ಯಾನ್ಸರಿಗೆಂದು ರೂಪಿಸಿದ ಐಆರ್‌ಎಸ್‌ನಲ್ಲಿ ಬಣ್ಣದ ಗಾಢತೆಗೆ 3ರವರೆಗೆ, ಬಣ್ಣ ಬಂದ ಕೋಶಗಳ ಪ್ರಮಾಣಕ್ಕೆ 4ರವರೆಗೆ ಅಂಕ. ಗುಣಿಸಿದರೆ ಗರಿಷ್ಠ 12. ವೊಲಾಂಟೆ ಮತ್ತು ಸಂಗಡಿಗರು 2007ರಲ್ಲಿ ಸೂಚಿಸಿದ ಪದ್ಧತಿ ಗಾಢತೆಯನ್ನು ಬದಿಗಿಟ್ಟು, ಬಣ್ಣ ಎಲ್ಲಿದೆ ಎಂದು ನೋಡುತ್ತದೆ. ಬಣ್ಣವಿಲ್ಲದಿದ್ದರೆ 0, ಕೋಶದ ಒಳರಸದಲ್ಲಷ್ಟೇ ಇದ್ದರೆ 1, ಅರ್ಧಕ್ಕಿಂತ ಕಡಿಮೆ ಕೋಶಗಳ ಪೊರೆಯಲ್ಲಿದ್ದರೆ 2, ಅರ್ಧಕ್ಕಿಂತ ಹೆಚ್ಚಿನವುಗಳ ಪೊರೆಯಲ್ಲಿದ್ದರೆ 3.

ಇವು ಒಂದಕ್ಕೊಂದು ಬದಲಿಯಲ್ಲ. ಒಂದು ಗೆಡ್ಡೆಯಲ್ಲಿ ಶೇ. 30ರಷ್ಟು ಕೋಶಗಳ ಪೊರೆ ಗಾಢವಾಗಿ ಬಣ್ಣಗೊಂಡು ಉಳಿದವು ಖಾಲಿ ಇವೆ, ಇನ್ನೊಂದರಲ್ಲಿ ಶೇ. 90ರಷ್ಟು ಕೋಶಗಳ ಪೊರೆಯಲ್ಲಿ ತಿಳಿಬಣ್ಣವಿದೆ ಎಂದಿಟ್ಟುಕೊಳ್ಳೋಣ. ಎಚ್-ಸ್ಕೋರ್ ಎರಡಕ್ಕೂ 90. ಐಆರ್‌ಎಸ್ ಮೊದಲನೆಯದಕ್ಕೆ 6, ಎರಡನೆಯದಕ್ಕೆ 4 ಕೊಡುತ್ತದೆ. ವೊಲಾಂಟೆ ಪದ್ಧತಿಯಲ್ಲಿ ಮೊದಲನೆಯದು 2, ಎರಡನೆಯದು 3: ಕ್ರಮವೇ ತಲೆಕೆಳಗು!

ಔಷಧ ಬಂದು ಅಂಟುವುದು ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ. ಹಾಗಾಗಿ ಪೊರೆಗೆ ಪ್ರಾಶಸ್ತ್ಯ ಕೊಡುವ ಲೆಕ್ಕ ಚಿಕಿತ್ಸೆಯ ಪ್ರಶ್ನೆಗೆ ಹತ್ತಿರದ್ದು. ಆದರೆ ಗಾಢತೆಯನ್ನು ಪೂರ್ತಿ ಕೈಬಿಡುವುದೂ ಅದರ ಕೊರತೆಯೇ. ‘ತಿಳಿ’, ‘ಮಧ್ಯಮ’ ಎಂಬ ತೀರ್ಮಾನದಲ್ಲಿ ಇಬ್ಬರು ಪೆಥಾಲಜಿಸ್ಟರು ಒಮ್ಮತಕ್ಕೆ ಬಾರದಿರುವುದುಂಟು. ಪ್ರತಿಕಾಯ ಬದಲಾದರೂ ಫಲಿತಾಂಶ ಬದಲಾಗಬಹುದು. ಸ್ಲೈಡನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದ ಅಳೆಸಿದರೆ ಕಣ್ಣಿನ ವ್ಯತ್ಯಾಸ ತಗ್ಗುತ್ತದೆ, ಪ್ರತಿಕಾಯದ್ದಲ್ಲ.

ಬಯಾಪ್ಸಿಗೆ ಇನ್ನೂ ಒಂದು ಮಿತಿಯಿದೆ. ಅದು ತೋರಿಸುವುದು ಒಂದು ತುಣುಕನ್ನು ಮಾತ್ರ. ಗ್ರಾಹಕಗಳು ಗೆಡ್ಡೆಯ ತುಂಬ ಸಮನಾಗಿ ಹರಡಿರುವುದಿಲ್ಲ. ಇಡೀ ದೇಹವನ್ನು ನೋಡಲು ಗ್ಯಾಲಿಯಂ-68 ಬಳಸುವ ಪೆಟ್ ಸ್ಕ್ಯಾನ್ ಇದೆ. ಅದರ ಚಿತ್ರಕ್ಕೆ ಸಾಮಾನ್ಯವಾಗಿ ಕ್ರೆನ್ನಿಂಗ್ ಅಂಕ: ಗೆಡ್ಡೆ ಯಕೃತ್ತಿಗಿಂತ ಹೆಚ್ಚು ಹೊಳೆದರೆ 3, ಗುಲ್ಮವನ್ನೂ ಮೀರಿದರೆ 4. ಲುಟೀಷಿಯಂ ಚಿಕಿತ್ಸೆಗೆ ರೋಗಿಯನ್ನು ಆರಿಸುವಾಗ ಸ್ಲೈಡಿಗಿಂತ ಈ ಚಿತ್ರಕ್ಕೇ ಹೆಚ್ಚು ತೂಕ. ಇನ್ನು ಬಯಾಪ್ಸಿ ವರದಿಯಲ್ಲಿ ಅಂಕದ ಪಕ್ಕ ಪದ್ಧತಿಯ ಹೆಸರು ಇಲ್ಲದಿದ್ದರೆ, ಅದನ್ನು ಪ್ರಯೋಗಾಲಯದಿಂದ ಕೇಳಿ ಪಡೆಯಬೇಕು.