ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಿಕ್ಕ ಬೀಟೆ ಮರ

ನೈರೋಬಿಯ ಕನ್ನಡಿಗರು ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುವುದು ಕಾರ್ಖಾನೆಯ ಕೆಲಸಕ್ಕೆ, ಇಲ್ಲವೇ ಬಣ್ಣ, ತಗಡು, ಕಾರಿನ ಬಿಡಿಭಾಗಗಳಿಗೆ. ಸಂಗೀತಕ್ಕಾಗಿ ಅಲ್ಲಿಗೆ ಹೋದವರು ಕಡಿಮೆ. ಆದರೆ ಒಂದು ಶನಿವಾರ ಮಗಳ ಒತ್ತಾಯಕ್ಕೆ ಎಂಟರ್‌ಪ್ರೈಸ್ ರಸ್ತೆಯ ಬಳಿಯ ಗೋದಾಮಿಗೆ ಹೋದೆ. ಅಲ್ಲಿ ಹಳೆಯ, ಅಪರೂಪದ ಗಿಟಾರ್‌ಗಳ ಪ್ರದರ್ಶನ ಮತ್ತು ಮಾರಾಟವಿತ್ತು. ಅಂದು ನೋಡಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಈ ಊರಿನಲ್ಲಿ ಹಳೆಯ ಗಿಟಾರ್ ಸಿಗುವುದು ಅಚ್ಚರಿಯಲ್ಲ. 1960ರ ದಶಕದಲ್ಲಿ ಇಲ್ಲಿನ ಇಕ್ವೇಟರ್ ಸೌಂಡ್ ಸ್ಟುಡಿಯೋದಲ್ಲಿ ಫಾಧಿಲಿ ವಿಲಿಯಂ, ದೌದಿ ಕಬಾಕಾ ಮೊದಲಾದವರು ಹಾಡಿದರು. ಲುವೋ ಜನರ ಎಂಟು ತಂತಿಯ ನ್ಯಾತಿತಿ ವಾದ್ಯದ ನಡೆ ಗಿಟಾರ್‌ಗೆ ಇಳಿದು ಬೆಂಗಾ ಸಂಗೀತವಾಯಿತು. ಆ ಕಾಲದ ವಾದ್ಯಗಳು ಮನೆಗಳ ಅಟ್ಟದಲ್ಲಿ ಇನ್ನೂ ಉಳಿದಿರಬಹುದು.

ಹಳೆಯ ಗಿಟಾರ್ ನೋಡುವವರು ಮೊದಲು ಮುಂಭಾಗದ ದುಂಡನೆಯ ರಂಧ್ರದೊಳಗೆ ಇಣುಕಬೇಕು. ತಯಾರಕರ ಚೀಟಿ, ಕ್ರಮಸಂಖ್ಯೆ ಅಲ್ಲೇ ಇರುತ್ತವೆ. ಅಮೆರಿಕದ ಮಾರ್ಟಿನ್ ಕಂಪನಿ 1898ರಿಂದ ಕ್ರಮಸಂಖ್ಯೆ ಹಾಕುತ್ತಿರುವುದರಿಂದ ಅದರ ಗಿಟಾರ್‌ಗಳ ವಯಸ್ಸನ್ನು ಸುಲಭವಾಗಿ ಹೇಳಬಹುದು. ಎರಡನೆಯದು, ಹಿಂಬದಿಯ ಹಲಗೆ. ಹೊರಗೆ ಕಾಣುವ ಗೆರೆಗಳೇ ಒಳಗೂ ಕಂಡರೆ ಅದು ಇಡೀ ಮರದ್ದು. ಹೊರಗೊಂದು ಒಳಗೊಂದು ವಿನ್ಯಾಸವಿದ್ದರೆ ಪ್ಲೈವುಡ್. ಮೂರನೆಯದು ಬಿರುಕು. ಮರ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಆದ್ದರಿಂದ ಮೊಂಬಾಸಾದ ತೇವದಿಂದ ನೈರೋಬಿಯ ಒಣ ಹವೆಗೆ ಬಂದ ವಾದ್ಯ ಗೆರೆಯ ಗುಂಟ ಸೀಳಬಹುದು. ಕೊನೆಯದಾಗಿ ಕುತ್ತಿಗೆ. ನಡುವೆ ತಂತಿಗಳು ಬಹಳ ಮೇಲೆದ್ದಿದ್ದರೆ ಕುತ್ತಿಗೆ ಬಾಗಿರಬಹುದು, ರಿಪೇರಿಗೆ ಕೈತುಂಬ ಖರ್ಚಾಗಲೂಬಹುದು. ಆದರೆ ಮಡಿಲಲ್ಲಿಟ್ಟು ಉಕ್ಕಿನ ಸರಳು ಜಾರಿಸಿ ನುಡಿಸುವ ಹವಾಯಿ ಗಿಟಾರ್‌ನಲ್ಲಿ ತಂತಿ ಬೇಕೆಂದೇ ಎತ್ತರವಾಗಿರುತ್ತದೆ. ಅದು ದೋಷವಲ್ಲ.

ಮೇಜಿನ ಮೇಲೆ ತೊಟ್ಟಿಯಂತೆ ಹೊಳೆಯುವ ಲೋಹದ ಗಿಟಾರ್ ಒಂದಿತ್ತು. ವಿದ್ಯುತ್ ಗಿಟಾರ್ ಬಳಕೆಗೆ ಬರುವ ಮುನ್ನ, ಬ್ಯಾಂಡಿನ ಗದ್ದಲದಲ್ಲೂ ಕೇಳಿಸಲೆಂದು 1920ರ ದಶಕದಲ್ಲಿ ಹುಟ್ಟಿದ ಬಗೆ ಅದು. ಒಳಗಿನ ಅಲ್ಯೂಮಿನಿಯಂ ಶಂಕು ಧ್ವನಿವರ್ಧಕದಂತೆ ಕೆಲಸ ಮಾಡುತ್ತದೆ.

ನನ್ನನ್ನು ನಿಲ್ಲಿಸಿದ್ದು ಮಾತ್ರ ಅದರ ಪಕ್ಕದಲ್ಲಿದ್ದ ಸಾಧಾರಣ ಗಿಟಾರ್. ಅದರ ಬೆನ್ನು ಕಡು ಕಂದು, ನಡುವೆ ನೇರಳೆ ಗೆರೆ. ತೀರ್ಥಹಳ್ಳಿಯ ಅಜ್ಜಿಮನೆಯ ಮಂಚದ ಬಣ್ಣ! ಮಾರುವವರನ್ನು ಕೇಳಿದೆ. "ಇಂಡಿಯನ್ ರೋಸ್‌ವುಡ್" ಎಂದರು. ಅಂದರೆ ನಮ್ಮ ಬೀಟೆ.

ಒಳ್ಳೆಯ ಗಿಟಾರ್‌ಗಳಿಗೆ ಹಿಂದೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಆ ದೇಶ ದಿಮ್ಮಿಗಳ ರಫ್ತನ್ನು ನಿಲ್ಲಿಸಿದಾಗ, 1969ರ ಸುಮಾರಿಗೆ, ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿತು. ಉಳಿದವರೂ ಅದೇ ದಾರಿ ಹಿಡಿದರು. ಬೀಟೆ ಗಟ್ಟಿ, ಭಾರದ ಮರ. ನಾದವನ್ನು ಬೇಗ ನುಂಗುವುದಿಲ್ಲ, ಮೀಟಿದ ತಂತಿ ಹೆಚ್ಚು ಹೊತ್ತು ಮೊಳಗುತ್ತದೆ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಕಾಡುಗಳು ಅದರ ತವರುಗಳಲ್ಲಿ ಸೇರಿವೆ. ಕರ್ನಾಟಕದಲ್ಲಿ ಅದು ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ನಿಧಾನವಾಗಿ ಬೆಳೆಯುವ ಈ ಮರ ಈಗ ಅಪಾಯದಂಚಿನ ಜಾತಿಗಳ ಪಟ್ಟಿಯಲ್ಲಿದೆ.

ಇಲ್ಲಿ ಕಾನೂನಿನ ಮಾತು ಬರುತ್ತದೆ. ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದಲ್ಲಿ ಭಾರತ, ಕೀನ್ಯಾ ಎರಡೂ ಇವೆ. 2017ರ ಜನವರಿಯಲ್ಲಿ ಬೀಟೆ ಸೇರಿದಂತೆ ಆ ಕುಲದ ಎಲ್ಲ ಮರಗಳೂ ಅದರ ನಿಯಂತ್ರಣಕ್ಕೆ ಬಂದವು. ವಾದ್ಯಗಾರರು ತೊಂದರೆ ಹೇಳಿಕೊಂಡ ಮೇಲೆ, 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್‌ನ ರೋಸ್‌ವುಡ್‌ಗೆ ಈ ವಿನಾಯಿತಿ ಇಲ್ಲ. ಅದು 1992ರಿಂದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಕೆಲವು ಹಳೆಯ ಗಿಟಾರ್‌ಗಳಲ್ಲಿ ತಂತಿ ಕೂರುವ ಪುಟ್ಟ ಪಟ್ಟಿ ಆನೆದಂತದ್ದಾಗಿರುತ್ತದೆ. ಇಂಡಸ್ಟ್ರಿಯಲ್ ಏರಿಯಾದಿಂದ ದೂರವಿಲ್ಲದ ನೈರೋಬಿ ರಾಷ್ಟ್ರೀಯ ಉದ್ಯಾನದಲ್ಲಿ 1989ರಲ್ಲಿ 12 ಟನ್ ದಂತವನ್ನು ಸುಟ್ಟ ದೇಶ ಇದು. ಇಲ್ಲಿ ಅಂಥ ವಾದ್ಯವನ್ನು ತಿಳಿಯದೆ ಕೊಂಡರೂ ತಾಪತ್ರಯ ತಪ್ಪದು.

ಮಗಳಿಗೆ ಹಿಡಿಸಿದ್ದು ಇನ್ನೊಂದು, 1960ರ ದಶಕದ ಗಿಟಾರ್. ಬ್ರೆಜಿಲ್ ಮರದ್ದೆಂದು ಮಾರುವವರೇ ಹೆಮ್ಮೆಯಿಂದ ಹೇಳಿದರು. ಕಾಗದಪತ್ರ ಕೇಳಿದಾಗ ನಕ್ಕರು. ಮುಂದಿನ ವರ್ಷ ಅವಳು ಓದಲು ಬೆಂಗಳೂರಿಗೆ ಹೋಗುವವಳು. ವಿಮಾನ ನಿಲ್ದಾಣದಲ್ಲಿ ವಾದ್ಯ ಕಳೆದುಕೊಂಡು ಅಳುವುದಕ್ಕಿಂತ ಇಲ್ಲೇ ಬಿಟ್ಟು ಬೇಸರಪಡುವುದು ಲೇಸೆಂದೆ. ಅರ್ಧ ಗಂಟೆ ಮಾತು ಬಿಟ್ಟಳು. ಕೊನೆಗೆ ಬೀಟೆ ಬೆನ್ನಿನದನ್ನು ಎತ್ತಿಕೊಂಡು ನುಡಿಸಿದಳು, ಅದನ್ನೇ ಕೊಂಡೆವು. ಮನೆಗೆ ಬರುವ ದಾರಿಯಲ್ಲಿ, "ಈ ಮರ ನಮ್ಮೂರಲ್ಲಿ ನೋಡೋಕೆ ಸಿಗುತ್ತಾ?" ಎಂದು ಕೇಳಿದಳು. ರಜೆಯಲ್ಲಿ ತೋರಿಸುತ್ತೇನೆ ಎಂದಿದ್ದೇನೆ.

ಸದಸ್ಯರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೂ ಹಳೆಯ ಗಿಟಾರ್ ಇದ್ದರೆ, ಮಾರುವ ಅಥವಾ ಊರಿಗೆ ಒಯ್ಯುವ ಮುನ್ನ ಒಳಗಿನ ಚೀಟಿ ಓದಿ, ಬೆನ್ನಿನ ಮರ ಯಾವುದೆಂದು ಬಲ್ಲವರಲ್ಲಿ ವಿಚಾರಿಸಿ. ಖರೀದಿಯ ರಸೀದಿ ಇದ್ದರೆ ಜೋಪಾನವಾಗಿಡಿ.