ದೀಪದ ಮುಂದಿನ ತೊಗಲುಗೊಂಬೆ

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹಾಲಯದಲ್ಲಿರುವ ತೊಗಲುಗೊಂಬೆಗಳನ್ನು, ಅಂದರೆ ಹದಗೊಳಿಸಿದ ಅರೆಪಾರದರ್ಶಕ ಚರ್ಮದಲ್ಲಿ ಕತ್ತರಿಸಿ ಬಣ್ಣ ತುಂಬಿದ ಪುರಾಣಪಾತ್ರಗಳನ್ನು, ಗೋಡೆಯ ಚಿತ್ರಪಟಗಳಂತೆ ನೋಡಿ ಮುಂದೆ ಸಾಗಿದರೆ ಅವುಗಳ ಸೊಬಗಿನ ಬಹುಪಾಲು ಕೈತಪ್ಪುತ್ತದೆ. ಅವು ಪರದೆಯ ಹಿಂದಿನ ದೀಪಕ್ಕಾಗಿಯೇ ರೂಪುಗೊಂಡವು. ಆಭರಣ, ಸೆರಗುಗಳಲ್ಲಿ ಕೊರೆದ ಸಣ್ಣ ರಂಧ್ರಗಳು ಬೆಳಕನ್ನು ನೇರವಾಗಿ ಬಿಟ್ಟು ಮುತ್ತಿನ ಸಾಲುಗಳಂತೆ ಹೊಳೆದರೆ, ಬಣ್ಣ ಹಚ್ಚಿದ ತೊಗಲು ಅದೇ ಬೆಳಕನ್ನು ಸೋಸಿ ಕೆಂಪು, ಹಸಿರುಗಳನ್ನು ಪರದೆಯ ಮೇಲೆ ಹರಡುತ್ತದೆ. ಈ ಅಪೂರ್ವ ಕೌಶಲವನ್ನು ಮನೆಯಲ್ಲಿ ಮಕ್ಕಳೊಡನೆ ಅರಿಯಲು ತೊಗಲೇ ಬೇಕೆಂದಿಲ್ಲ: ಬಿಳಿ ಕಾಗದದಲ್ಲಿ ಆಕೃತಿ ಬರೆದು, ಬಣ್ಣ ಹಾಕಿ, ದಬ್ಬಳದಿಂದ ತೂತುಗಳನ್ನು ಮಾಡಿ, ತೆಳುವಾಗಿ ಎಣ್ಣೆ ಸವರಿದರೆ, ನಾರುಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ತುಂಬುವುದರಿಂದ ಕಾಗದವೂ ಬೆಳಕನ್ನು ಹಾಯಗೊಡುತ್ತದೆ. ಅದನ್ನು ಬಿದಿರುಕಡ್ಡಿಗೆ ಕಟ್ಟಿ ಬಿಳಿ ಪಂಚೆಗೆ ಒತ್ತಿ ಹಿಡಿದಾಗ ಅಂಚುಗಳು ಸ್ಪಷ್ಟವಾಗಿ ಮೂಡುತ್ತವೆ, ದೀಪದ ಕಡೆಗೆ ಸರಿಸಿದಾಗ ಆಕೃತಿ ಹಿಗ್ಗಿ ಮಸುಕಾಗುತ್ತದೆ.