ಸಾಲ ಅಟ್ಟಿದ ಹಳ್ಳಿಹೈದ

ಹಳ್ಳಿಯ ಹುಡುಗ ಪೇಟೆಯ ಥಳುಕಿಗೆ ಮರುಳಾಗುವ ಕತೆ ಮೂಕಿ ಸಿನಿಮಾಗಳಿಗೆ ಬಲು ಪ್ರಿಯವಾಗಿತ್ತು. ನಿರ್ದೇಶಕ ಮುರ್ನೌ 1927ರಲ್ಲಿ ತೆಗೆದ ‘ಸನ್‌ರೈಸ್’ನಲ್ಲಿ ಪಟ್ಟಣದ ಹೆಣ್ಣೊಬ್ಬಳು ರೈತನ ತಲೆಕೆಡಿಸುತ್ತಾಳೆ.

ಅದಕ್ಕೆ ಎರಡು ವರ್ಷ ಮೊದಲೇ, ನಮ್ಮ ಗಡಿಯಾಚೆಯ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ‘ಸಾವಕಾರಿ ಪಾಶ’ ತೆಗೆದಿದ್ದರು. ಕತೆ ನಾರಾಯಣ ಹರಿ ಆಪ್ಟೆಯವರದು. ಇಲ್ಲಿ ರೈತನ ಮಗನನ್ನು ಯಾವ ಮೋಹಿನಿಯೂ ಕರೆಯುವುದಿಲ್ಲ. ಸಾಹುಕಾರನ ಸಾಲಕ್ಕೆ ಹೊಲ ಹೋಗುತ್ತದೆ, ಹೊಟ್ಟೆಪಾಡಿಗೆ ಅವನು ಪೇಟೆ ಸೇರಿ ಗಿರಣಿ ಕೂಲಿಯಾಗುತ್ತಾನೆ. ಮುಂಬಯಿಯ ಗಿರಣಿಗಳಿಗೆ ಆಗ ಜನ ಬರುತ್ತಿದ್ದುದೂ ಬಹುಪಾಲು ಹೀಗೆಯೇ. ಹಾಗಾಗಿ ‘ಸನ್‌ರೈಸ್’ಗಿಂತ ಇದೇ ದಿಟಕ್ಕೆ ಹತ್ತಿರ.

ಮಾತಿಲ್ಲದ ಚಿತ್ರ ದುಃಖವನ್ನು ಹೇಳುವುದು ಹೇಗೆ? ‘ಸಾವಕಾರಿ ಪಾಶ’ದ ಒಂದು ದೃಶ್ಯ: ಮಬ್ಬುಗತ್ತಲಲ್ಲಿ ಒಂದು ಬಡ ಗುಡಿಸಲು, ಪಕ್ಕದಲ್ಲಿ ಊಳಿಡುವ ನಾಯಿ. ಸದ್ದೇ ಕೇಳದ ಆ ಊಳು ನೋಡಿದವರ ನೆನಪಿನಲ್ಲಿ ಬಹುಕಾಲ ಉಳಿಯಿತು.

ಆ ಯುವ ರೈತನ ಪಾತ್ರ ಮಾಡಿದವರು ವಿ. ಶಾಂತಾರಾಮ್. ಅವರಿಗೂ ಹುಬ್ಬಳ್ಳಿಗೂ ಹಳೆಯ ನಂಟು: ಹುಡುಗನಾಗಿದ್ದಾಗ ಅಲ್ಲಿನ ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದು, ತಗಡಿನ ಚಿತ್ರಮಂದಿರವೊಂದರಲ್ಲಿ ಚಿಲ್ಲರೆ ಕೆಲಸ ಮಾಡುತ್ತ ಸಿನಿಮಾ ಹುಚ್ಚು ಹತ್ತಿಸಿಕೊಂಡವರು.

ದೇವರ ಪವಾಡಗಳಿಗೆ ಒಗ್ಗಿದ್ದ ಪ್ರೇಕ್ಷಕರು ಸಾಲಗಾರನ ಗೋಳಿಗೆ ಅಷ್ಟಾಗಿ ಒಲಿಯಲಿಲ್ಲ. ಪೇಂಟರ್ ಮಾತ್ರ ಬಿಡಲಿಲ್ಲ. 1936ರಲ್ಲಿ ಅದೇ ಕತೆಯನ್ನು ಟಾಕಿಯಾಗಿ ಮತ್ತೆ ತೆಗೆದರು.